ಹೆಗಲಬ್ಯಾನಿ ಮುಲಾಮು

ನಮ್ಮ ಮನಿಯವರಿಗೆ ಹೆಗಲಬ್ಯಾನಿ ಅಂಬೋದು ಎಂದೂ ಇರಲಿಲ್ಲ. ಆದ್ರೂ ಬೆಳಗಾವಿ ಹಿಂದವಾಡಿಯ ನಮ್ಮ ಓಣಿಯಿಂದ ಹಿಡಿದು ಖಾನಾಪುರದ ತಾಲೂಕು ಕಚೇರಿತನಕ ಅವರ ಹೆಗಲಬ್ಯಾನಿ ಸುದ್ದಿ ಗೊತ್ತಿಲ್ಲದವರಿರಲಿಲ್ಲ. ಬಸ್ಸಿನ್ಯಾಗ ಅವರಿಗೆ ಕಿಡಕಿ ಬಾಜೂ ಸೀಟು ಬಿಟ್ಟುಕೊಡೂ ಪುಣ್ಯಾತ್ಮರಿದ್ರು. "ಸಾಹೇಬ್ರ, ಫೈಲಿನ ಗಂಟು ನಾ ಎತ್ತತೀನಿ, ನೀವು ಬಿಡ್ರಿ" ಅನ್ನೂ ಜವಾನ ಇದ್ದ. ಇಲ್ಲದ ಬ್ಯಾನಿಗೆ ಇಷ್ಟು ಮರ್ಯಾದಿ ಸಿಕ್ಕಿದ್ದು ನಾ ಬ್ಯಾರೆ ಎಲ್ಲೂ ನೋಡಿಲ್ಲ. ನನ್ನ ಸೊಂಟ ಖರೇನ ನೋಯ್ತಿತ್ತು, ಅದನ್ನ ಯಾರೂ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು ಅದು. ನಾನು ಹಿಂದವಾಡಿಯೊಳಗ ಒಂದು ಪ್ರಾಥಮಿಕ ಸಾಲಿ ಟೀಚರು. ಇವರು ಖಾನಾಪುರದ ಕಚೇರಿಯೊಳಗ ಗುಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರತಿದ್ರು. ಮದುವಿಯಾಗಿ ಭಾಳ ವರ್ಷಕ್ಕ ಹುಟ್ಟಿದ ಒಬ್ಬಾಕಿ ಮಗಳು, ನಾಕು ವರ್ಷದಾಕಿ. ಮನಿಯೊಳಗ ಆಕಿ ಪಾದಾ ನೆಲಕ್ಕ ಹತ್ತತಿರಲಿಲ್ಲ. ಅಪ್ಪ ಬಂದ್ರ ಅಪ್ಪನ ಹೆಗಲು, ಅಪ್ಪ ಹೋದ್ರ ನನ್ನ ಸೊಂಟ. ಸೊಂಟದ ಬ್ಯಾನಿ ಎಲ್ಲಿಂದ ಬಂತು ಅಂತ ಬ್ಯಾರೆ ಹೇಳೂದು ಬ್ಯಾಡ.

ಈಗ ಖರೇ ಸಂಗತಿ ಹೇಳತೀನಿ. ಅದರ ಹಿಂದಿನ ವರ್ಷದಿಂದ ಇವರು ಇವರಾಗಿ ಉಳಿದಿರಲಿಲ್ಲ. ಸಂಜಿಕ ಬಂದವರು ಬೂಟು ಬಿಚ್ಚದ ಕುರ್ಚಿ ಮ್ಯಾಲ ನಿದ್ದಿ ಹೋಗತಿದ್ರು. ದಾಡಿ ವಾರಕ್ಕೊಮ್ಮಿ ಮಾಡಿಕೊಂಡ್ರೂ ನಡೀತಿತ್ತು. ರೊಟ್ಟಿ ಬಡಿಯೂ ಸಪ್ಪಳಕ್ಕ ಸಿಟ್ಟು, ಮಗಳು ನಕ್ರ ಕಣ್ಣಾಗ ನೀರು. ಗಂಡ ಹೆಂಡತಿ ನಡುವಿನ ಮಾತು ಪುಸ್ತಕದಾಗ ಬರಿಯೂದಲ್ಲ. ಅದೂ ನಿಂತಿತ್ತು ಅಂದ್ರ ತಿಳಕೊಳ್ಳೋರು ತಿಳಕೊಳ್ರಿ. ಕಡೀಕ ನಾನ ಜಗಳಾ ತಗದು ಇವರನ್ನ ದವಾಖಾನಿಗೆ ಎಳಕೊಂಡು ಹೋದೆ.

ಹಾರ್ಮೋನು ಡಾಕ್ಟರು ಅವಸರದ ಮನಷ್ಯಾ ಅಲ್ಲ. "ದಣಿವು ಅಂದವರಿಗೆಲ್ಲಾ ಕೊಡೂ ಔಷಧ ಅಲ್ಲ ಇದು" ಅಂದು ಮುಂಜಾನಿ ಹೊತ್ತಿನ್ಯಾಗ ರಕ್ತ ತಗಸಿದ್ರು, ಇನ್ನೊಂದು ದಿನ ಮತ್ತ ತಗಸಿದ್ರು, ತಲಿ ಸ್ಕ್ಯಾನ್ ಮಾಡಿಸಿದ್ರು, ಪ್ರೋಸ್ಟೇಟ್ ತಪಾಸಣಿ ಮಾಡಿದ್ರು. ಆಮ್ಯಾಲ ಹೇಳಿದ್ರು: "ತಲಿಯೊಳಗ ಒಂದು ಸಣ್ಣ ಗ್ರಂಥಿ ಐತಿ. ಅದು ಹೇಳೂ ಮಾತು ಕೆಳಗ ಮುಟ್ಟವಲ್ದು. ಅದಕ್ಕ ನಿಮ್ಮ ಮೈಯಾಗ ಟೆಸ್ಟೋಸ್ಟೆರಾನ್ ಕಡಿಮಿ ಆಗೇತಿ. ಗಂಡಸರ ಹಾರ್ಮೋನು ಅಂತ ಮಂದಿ ಕರೀತಾರ." ಅಷ್ಟು ಅಂದಿದ್ದೇ ತಡ, ಇವರು ಎದ್ದು ಹೋಗಿ ಬಾಗಲಾ ಪೂರಾ ಮುಚ್ಚೇತೋ ಇಲ್ಲೋ ನೋಡಿ ಬಂದ್ರು.

ಮೊದಲು ಸೂಜಿ ಮಾಡಿಸಿದ್ರು. ಸೂಜಿ ಮಾಡಿಸಿಕೊಂಡ ಹೊಸತಿಗೆ ಹುಲಿ, ಮುಂದಿನ ಸೂಜಿ ಬರೂದ್ರಾಗ ಬೆಕ್ಕು. ಹುಲಿ ಇದ್ದಾಗ ಕಂಡಕ್ಟರ್ ಕೂಡ ಜಗಳ, ಬೆಕ್ಕು ಇದ್ದಾಗ ಗ್ವಾಡಿ ಕಡೆ ಮಾರಿ. ಮ್ಯಾಲ ಸೂಜಿ ಮಾಡೂ ಕಂಪೌಂಡರ್ ಖಾನಾಪುರದವನು ಅಂತ ಗೊತ್ತಾದ ದಿನ ಇವರಿಗೆ ಖರೇನ ಜ್ವರಾ ಬಂತು. ಆವಾಗ ಡಾಕ್ಟರು ಹೊಸದಾಗಿ ಬಂದ ಜೆಲ್ ಬರಕೊಟ್ರು. ಸಣ್ಣ ಸಣ್ಣ ಪಾಕೀಟಿನ್ಯಾಗ ಇರತಿತ್ತು. ಔಷಧ ಅಂಗಡಿಯವರು ಹೊರಗಿಂದ ತರಿಸಿಕೊಡತಿದ್ರು.

"ಮುಂಜಾನಿ ಸ್ನಾನ ಆಗಿ ಮೈ ಒಣಗಿದ ಮ್ಯಾಲ ಹೆಗಲಿಗೆ, ತೋಳಿನ ಮ್ಯಾಲಿನ ಭಾಗಕ್ಕ ಹಚ್ಚರಿ. ಬ್ಯಾರೆ ಎಲ್ಲೂ ಬ್ಯಾಡ" ಅಂದ್ರು ಡಾಕ್ಟರು. 'ಎಲ್ಲೂ' ಅನ್ನೂದನ್ನ ಒತ್ತಿ ಹೇಳಿದ್ರು. ಗಂಡಸರು ಹಚ್ಚೂ ಜಾಗಾ ತಾವ ಆರಿಸಿಕೊಳ್ತಾರಂತ ಅವರಿಗೆ ಅನುಭವ ಇತ್ತೋ ಏನೋ. "ಹಚ್ಚಿದ ಕೈ ಸಾಬಾಣದಿಂದ ತೊಳೀರಿ. ಹೆಗಲು ಪೂರಾ ಒಣಗಲಿ, ಆಮ್ಯಾಲ ಅಂಗಿ ಹಾಕ್ಕೋರಿ. ಆ ಜಾಗಾ ಹೆಂಗಸರು, ಸಣ್ಣ ಹುಡುಗ್ರು ಮುಟ್ಟಬಾರದು. ಮೈಗೆ ಮೈ ಹತ್ತೂ ಪ್ರಸಂಗ ಬಂದ್ರ ಮೊದಲ ತೊಳಕೋರಿ. ಸಾಕಾಗವಲ್ದು ಅಂತ ನೀವ ಹೆಚ್ಚು ಹಚ್ಚಿಕೋಬ್ಯಾಡ್ರಿ, ರಕ್ತ ದಪ್ಪ ಆಗತೈತಿ. ಆಗಾಗ ಬಂದು ತಪಾಸಣಿ ಮಾಡಿಸ್ರಿ." ನಾವು ಎದ್ದು ಬಾಗಲಕ್ಕ ಬಂದಾಗ ಮತ್ತ ಕರದು, "ಖಾಲಿ ಪಾಕೀಟಿನ್ಯಾಗೂ ಸ್ವಲ್ಪ ಔಷಧ ಉಳದಿರತೈತಿ. ಮಡಚಿ ಒಗೀರಿ, ಯಾರ ಕೈಗೂ ಸಿಗಬಾರದು" ಅಂದ್ರು. ಖಾಲಿ ಪಾಕೀಟು ಯಾವ ಪುಣ್ಯಾತ್ಮ ತಗೋತಾನ ಅಂತ ನಾ ಮನಸಿನ್ಯಾಗ ನಕ್ಕೆ. ನಮ್ಮತ್ತಿ ಆವಾಗ ಇನ್ನೂ ಖಾನಾಪುರದಾಗಿದ್ರು.

ಮುಂದ ಒಂದು ತಿಂಗಳಿಗೆ ಅತ್ತಿ ನಮ್ಮ ಮನಿಗೆ ಬಂದ್ರು. ಖಾನಾಪುರದಾಗ ಇವರ ಅಣ್ಣನ ಮನ್ಯಾಗ ಅವರಿಗೇನೂ ಕಡಿಮಿ ಇರಲಿಲ್ಲ. ನಾ ಸಾಲಿಗೆ ಹೋದಾಗ ಮೊಮ್ಮಗಳನ್ನ ನೋಡಿಕೊಳ್ಳಾಕ, ಹಂಗ ತಮ್ಮ ಮೊಳಕಾಲ ಬ್ಯಾನಿಗೆ ಬೆಳಗಾವಿ ಡಾಕ್ಟರಿಗೆ ತೋರಿಸಾಕ ಬಂದ್ರು. ಬಂದ ಮರುದಿನ ಮುಂಜಾನಿ ಮಗ ಹೆಗಲು ತಿಕ್ಕಿಕೊಳ್ಳೂದು ನೋಡಿದ್ರು.

"ಏನೋ ತಮ್ಮಾ, ಹೆಗಲಿಗೇನ ಹಚ್ಚಾಕತ್ತಿ?"

"ಹೆಗಲಬ್ಯಾನಿ ಯವ್ವಾ. ಡಾಕ್ಟರು ಮುಲಾಮು ಕೊಟ್ಟಾರ."

ಸುಳ್ಳು ಎಷ್ಟು ಸಲೀಸ ಬಂತಂದ್ರ, ಹಿಂದಿನ ದಿನಾನ ಮಡಚಿ ಕಿಸೆದಾಗ ಇಟ್ಟಿದ್ರೋ ಏನೋ. ಹೇಳಿ ನನ್ನ ಕಡೆ ನೋಡಿದ್ರು. ನಾ ತುಟಿ ಹೊಲಕೊಂಡೆ. ಗಂಡನ ಮರ್ಯಾದಿ ಹೆಂಡತಿ ಬಾಯಾಗ ಇರತೈತಿ ಅಂತ ತವರುಮನ್ಯಾಗ ಕಲಿಸಿದ್ರಲ್ಲ! ಆ ಸುಳ್ಳ ಮುಂದ ಬಸ್ಸಿಗೂ ಹೋತು, ಕಚೇರಿಗೂ ಹೋತು.

ಇನ್ನ ಖಾಲಿ ಪಾಕೀಟಿನ ಕಥಿ. ಕಸದ ಡಬ್ಬಿಗೆ ಹಾಕಿದ್ರ ಓಣಿ ನಾಯಿ ಎಳದುಕೊಂಡು ಹೋಗಿ ಬಾಜೂ ಮನಿ ಅಂಗಳದಾಗ ಹರವತಾವ, ಬಾಜೂ ಮನಿಯವರು ರಿಟೈರ್ಡ್ ಹೆಡ್‌ಮಾಸ್ತರು, ಇಂಗ್ಲಿಷ್ ಕಂಡ್ರ ಓದದ ಬಿಡಂಗಿಲ್ಲ ಅಂತ ಇವರ ಹೆದರಿಕಿ. ಅದಕ್ಕ ಪಾಕೀಟೆಲ್ಲಾ ಒಂದು ಹಳೇ ಬಿಸ್ಕೀಟಿನ ಡಬ್ಬಿಯೊಳಗ ಹಾಕಿ ಬಚ್ಚಲಮನಿ ಗ್ವಾಡಿಯ ಮಾಡದಾಗ ಇಡತಿದ್ರು. ತುಂಬಿದ ಮ್ಯಾಲ ಎಲ್ಲೆರೆ ಊರ ಹೊರಗ ಒಯ್ದು ಸುಟ್ಟು ಬರತಿದ್ರು. ಕೊಲಿ ಮಾಡಿದವರೂ ಇಷ್ಟು ಜತನ ಮಾಡಂಗಿಲ್ಲ.

ಔಷಧ ಮಾತ್ರ ಚಲೋ ಹತ್ತಿತು. ಇವರು ಸಂಜಿಕ ಎಚ್ಚರ ಇರಾಕ ಹತ್ತಿದ್ರು. ಬಚ್ಚಲದಾಗ ಹಾಡು ಸುರು ಆತು. ರಾಗ ಕೆಟ್ಟಿತ್ತು, ಆದ್ರ ಕೇಳಿ ನನ್ನ ಹೊಟ್ಟಿ ತಣ್ಣಗಾತು. ಮನ್ಯಾಗ ಇನ್ನೊಬ್ಬರೂ ಹುಷಾರಾದ್ರು, ನಮ್ಮತ್ತಿ! ಕಟ್ಟಿ ಹತ್ತಾಕ ಗ್ವಾಡಿ ಹಿಡೀತಿದ್ದ ಮುದುಕಿ ತುಂಬಿದ ಕೊಡಾ ಎತ್ತಾಕ ಹತ್ತಿದ್ರು. ಕಾಯಿಪಲ್ಲೆ ಮಾರೂ ಹೆಂಗಸಿನ ಕೂಡ ಮೆಂತೆ ಸಿವುಡು ಸಣ್ಣದಾತು ಅಂತ ಎಂಥಾ ಜಗಳಾ ತಗದ್ರಂದ್ರ, ಪಾಪ ಆಕಿ ಓಣಿನ ಬಿಟ್ಟಳು. ದನಿ ದಪ್ಪ ಆತು, ಗದ್ದದ ಮ್ಯಾಲ ನಾಕು ಗಡಸು ಕೂದಲಾ ಬಂದ್ವು. ವಯಸ್ಸಾದ ಮ್ಯಾಲ ಬರತಾವ ಬಿಡು ಅಂತ ನಾ ಸುಮ್ಮನಾದೆ. "ಬೆಳಗಾವಿ ನೀರು ಹತ್ತೈತಿ ನನಗ" ಅಂತಿದ್ರು ಅತ್ತಿ.

ಅದ ಹೊತ್ತಿಗೆ ಮಗಳೂ ಬೆಳ್ಯಾಕ ಹತ್ತಿದಳು. ಬೆಳೀಲಿ ಬಿಡ್ರಿ, ಹುಡುಗ್ರು ಬೆಳೀತಾವ. ಆದ್ರ ದೀಪಾವಳಿಗೆ ಹೊಲಿಸಿದ ಫ್ರಾಕು ಸಂಕ್ರಾಂತಿಗೆ ಮ್ಯಾಲ ಹೋತು. ಬಾಲವಾಡಿಯೊಳಗ ಮೂರು ಮಂದಿಗೆ ಹೊಡದು ಬಂದಳು. ಮಂದಿಗೆ ಭಾಳ ಸಂತೋಷ. "ಗಂಡ ಹುಡುಗ ಆಗಬೇಕಿತ್ತು ನೋಡ್ರಿ, ಏನ ಧೈರ್ಯ!" ಅಂದ್ರು ಓಣಿಯವರು. "ನನ್ನ ಕೈತುತ್ತು ಅದು" ಅಂದ್ರು ಅತ್ತಿ. ಇವರಂತೂ ಮಗಳ ಹೊಡದಾಟದ ಸುದ್ದಿ ಬಸ್ಸಿನ್ಯಾಗೆಲ್ಲಾ ಹೇಳಿ ಬಂದ್ರು.

ನಾ ಸಣ್ಣ ಹುಡುಗ್ರ ನಡುವ ದಿನಾ ಕಳಿಯಾಕಿ. ನನಗ ಇದು ಸರಿ ಕಾಣಲಿಲ್ಲ. ಒಂದಿನ ತಲಿ ಹಿಕ್ಕೂವಾಗ ನೋಡತೀನಿ, ಆ ಎಳೇ ಗಲ್ಲದ ಮ್ಯಾಲ ಹರೇದ ಹುಡುಗ್ರಿಗೆ ಬರೂವಂಥಾ ಮೊಡವಿ. ಮ್ಯಾಲಿನ ತುಟಿಗೆ ಸಣ್ಣ ಕರಿ ಕೂದಲಾ. ಆಡಿ ಬಂದ್ರ ದೊಡ್ಡವರ ಬೆವರಿನ ವಾಸನಿ. ನಾಕು ವರ್ಷದ ಕೂಸಿನ ಮೈ ಹಂಗ ನಾರಬಾರದ್ರಿ. ಖರೇ ಹೇಳತೀನಿ, ಬಾಚಣಿಗಿ ಕೈಯಾಗ ಹಿಡಕೊಂಡ ಅಳಾಕ ಹತ್ತಿದೆ.

ಹುಡುಗ್ರ ಡಾಕ್ಟರು ರಕ್ತ ತಗಸಿದ್ರು, ಕೈಯ ಎಕ್ಸ್‌ರೇ ತಗಸಿದ್ರು. "ಎಲುವು ವಯಸ್ಸಿಗೆ ಮೀರಿ ಓಡಾಕತ್ತಾವ. ಇದು ನಿಲ್ಲಲಿಲ್ಲಂದ್ರ ಈಗ ಎಲ್ಲಾರಕಿಂತ ಎತ್ತರ ಕಾಣತಾಳ, ಆಮ್ಯಾಲ ಬೆಳವಣಿಗಿ ಲಗೂನ ನಿಂತು ಎಲ್ಲಾರಕಿಂತ ಗಿಡ್ಡ ಉಳೀತಾಳ. ಆಡೂ ವಯಸ್ಸಿನ್ಯಾಗ ದೊಡ್ಡಾಕಿ ಆಗಿಬಿಡತಾಳ" ಅಂದ್ರು. ಆಮ್ಯಾಲ ಕೇಳಿದ್ರು: "ಮನ್ಯಾಗ ಯಾರರೆ ಹಾರ್ಮೋನಿನ ಮುಲಾಮು ಹಚ್ಚತಾರೇನ್ರಿ?"

ತುಟಿ ಹೊಲಿಗಿ ಅಲ್ಲೇ ಬಿಚ್ಚಿದೆ. ಎಲ್ಲಾ ಹೇಳಿದೆ.

ನಮ್ಮ ಮನ್ಯಾಗ ಸ್ನಾನ ಆದ ಮ್ಯಾಲ ಲಿಂಗಪೂಜಾ. ಪೂಜಾಕ್ಕ ಇವರು ಧೋತ್ರ ಉಟ್ಟು ಬರಿಮೈಲೆ ಕುಂದರತಿದ್ರು, ಮುಗಿಯೂತನಕ ಅಂಗಿ ಇಲ್ಲ. ಮಗಳು ಹಿಂದಿನಿಂದ ಬಂದು ಅಪ್ಪನ ಹೆಗಲ ಮ್ಯಾಲ ಗದ್ದಾ ಊರಿ, ವಿಭೂತಿ ಹಚ್ಚೂ ತನಕ ಜೋತುಬಿದ್ದಿರತಿದ್ಲು. ಡಾಕ್ಟರು ಒಣಗಿದ ಕೂಡ್ಲೆ ಅಂಗಿ ಅಂದಿದ್ರು, ಪೂಜಾದ ಪದ್ಧತಿ ಬರಿಮೈ ಅಂದಿತ್ತು. ಇವರು ಯಾರಿಗೂ ಇಲ್ಲ ಅನ್ನಲಾರದ ಮನಷ್ಯಾ, ಮೊದಲು ಜೆಲ್ ಹಚ್ಚಿಕೊಂಡು ಆಮ್ಯಾಲ ಪೂಜಾಕ್ಕ ಕುಂದರತಿದ್ರು. ಆವತ್ತು ಸಂಜಿಕ ಇವರು ಬಂದ ಕೂಡ್ಲೆ, "ಆ ಹೆಗಲಾ ಮುರದು ನಿಮ್ಮ ಕೈಯಾಗ ಕೊಡತೀನ್ರಿ" ಅಂತ ಚೀರಿದೆ. ಅತ್ತಿ ಒಳಗಿಂದ, "ಬ್ಯಾನಿ ಇದ್ದ ಹೆಗಲಾ ಅದು, ಹಂಗ ಅನಬಾರದವ್ವಾ" ಅಂದ್ರು. ಆವಾಗಲೂ ಅವರಿಗೆ ನಾವು ಖರೇ ಹೇಳಲಿಲ್ಲ.

ಇವರು ಔಷಧಾನ ಬಿಡತೀನಿ ಅಂದ್ರು. ಹಾರ್ಮೋನು ಡಾಕ್ಟರು, "ಔಷಧದ ತಪ್ಪಲ್ರಿ, ಹಚ್ಚೂ ರೀತಿ ತಪ್ಪು. ಪೂಜಾ ಮುಗಿಸಿ ಹಚ್ಚರಿ, ಅಂಗಿ ಹಾಕ್ಕೋರಿ" ಅಂದ್ರು. ಅವರು ಅಷ್ಟ ಹೇಳಿದ್ರು, ಇವರು ಹತ್ತು ಪಟ್ಟು ಮಾಡಿದ್ರು. ಮಗಳನ್ನ ಎತ್ತಿಕೊಳ್ಳೂದನ್ನ ಪೂರಾ ಬಿಟ್ರು. ಆಕಿ ಓಡಿ ಬಂದ್ರ ಇವರು ಹಿಂದ ಸರದು, "ಅಲ್ಲೇ ಇರವ್ವಾ, ಅಲ್ಲೇ" ಅಂತಿದ್ರು. ಹಾಸಿಗಿ ಬ್ಯಾರೆ ಆತು, ತಾಟು ಬ್ಯಾರೆ ಆತು. "ಅಪ್ಪಗ ನನ್ನ ಮ್ಯಾಲ ಸಿಟ್ಟು ಬಂದೈತೇನವ್ವಾ?" ಅಂತ ಆಕಿ ಕೇಳಿದ್ಲು. ಅಪ್ಪನ ಹೆಗಲು ನೋಯಾಕತ್ತೈತಿ ಅಂದೆ. ಆ ಸುಳ್ಳು ನನ್ನ ಬಾಯಾಗೂ ಅಷ್ಟ ಸಲೀಸ ಬಂತು.

ಮಗಳ ಮುಂದಿನ ತಪಾಸಣಿಗೆ ಹೋದ್ರ ರಕ್ತದಾಗಿನ ಹಾರ್ಮೋನು ಏನೂ ಇಳಿದಿರಲಿಲ್ಲ. "ಇನ್ನೂ ಎಲ್ಲಿಂದಲೋ ಬರಾಕತ್ತೈತ್ರಿ" ಅಂದ್ರು ಡಾಕ್ಟರು. ನಾ ಮನಿಗೆ ಬಂದು, ಕದ್ದು ಎತ್ತಿಕೊಳ್ತೀರೇನು ಅಂತ ಇವರನ್ನ ಹರಿದು ತಿಂದೆ. ಪಾಪ, ಕೊರಳಿನ ಲಿಂಗ ಮುಟ್ಟಿ ಆಣಿ ಮಾಡಿದ್ರು. ಆಣಿ ಮಾಡೂವಾಗ ಮಗಳು ಬಾಗಲದಾಗ ನಿಂತಿದ್ಲು, ಇವರು ಆಕೀನ ನೋಡಿ ಮತ್ತೊಂದು ಹೆಜ್ಜಿ ಹಿಂದ ಸರದ್ರು. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ, ಹಂಗಾಗಿತ್ತು ನಮ್ಮ ಹಣೇಬರಾ. ಆದ್ರ ಎತ್ತು ಯಾವುದು ಅಂತ ಇನ್ನೂ ಗೊತ್ತಿರಲಿಲ್ಲ.

ಪರೀಕ್ಷಾ ದಿನ, ಸಾಲಿ ಲಗೂ ಬಿಟ್ಟಿತ್ತು. ಮಧ್ಯಾಹ್ನದ ಬಿಸಲಾಗ ಮನಿಗೆ ಬಂದು ಬಾಗಲಾ ನೂಕಿದ್ರ ಸ್ಪಿರಿಟ್ ವಾಸನಿ ಬಂತು. ಇವರ ಜೆಲ್ಲಿಂದು ಅದ ವಾಸನಿ. ಇವರು ನೋಡಿದ್ರ ಖಾನಾಪುರದಾಗ! ಒಳಗ ಹೋದೆ. ಅತ್ತಿ ಚಾಪಿ ಮ್ಯಾಲ ಕಾಲು ಚಾಚಿ ಕುಂತಿದ್ರು, ಸೀರಿ ಮೊಳಕಾಲ ಮ್ಯಾಲ ಇತ್ತು. ಬಾಜೂಕ ಬಿಸ್ಕೀಟಿನ ಡಬ್ಬಿ, ನನ್ನ ಕತ್ತರಿ. ಖಾಲಿ ಪಾಕೀಟು ಒಂದೊಂದ ಕತ್ತರಿಸಿ, ಬಗದು, ಒಳಗ ಉಳದಿದ್ದನ್ನ ಬೆರಳಲೆ ಕೆರದು ಮೊಳಕಾಲಿಗೆ ಹಚ್ಚತಿದ್ರು. ನನ್ನ ಮಗಳು ಎದುರಿಗೆ ಮೊಳಕಾಲೂರಿ ಕುಂತು, ಎರಡೂ ಅಂಗೈಲೆ ಅಜ್ಜಿ ಕಾಲು ತಿಕ್ಕಾಕ ಹತ್ತಿದ್ಲು. ದೊಡ್ಡವರ ಕಾಲು ಒತ್ತೂದು ಪುಣ್ಯದ ಕೆಲಸ ಅಂತ ಆಕಿಗೆ ಕಲಿಸಿದಾಕಿ ನಾನ.

"ಅತ್ತೀ!" ಅಂದವಳ ಮಗಳನ್ನ ರಟ್ಟಿ ಹಿಡಿದು ಎಳಕೊಂಡು ಬಚ್ಚಲಕ್ಕ ಒಯ್ದು ಸಾಬಾಣ ಹಚ್ಚಿ ಹಚ್ಚಿ ಆಕಿ ಕೈ ತಿಕ್ಕಿದೆ. ಆಕಿ ಅಳತಿದ್ಲು, ನಾನೂ ಅಳತಿದ್ದೆ.

"ಏನಾತ ಈಗ?" ಅತ್ತಿ ದಪ್ಪ ದನಿಲೆ ಕೇಳಿದ್ರು. "ಇಷ್ಟಿಷ್ಟು ಮುಲಾಮು ಉಳದಿರತೈತಿ, ಹಂಗ ಸುಟ್ಟು ಬರತಾನ ನಿನ್ನ ಗಂಡ. ರೊಕ್ಕಾ ಏನ ಗಿಡಕ್ಕ ಹತ್ತತಾವ? ಭಾಳ ನೋಯೂ ದಿನ ಕಪಾಟಿನ್ಯಾಗಿಂದ ಒಂದು ಇಡೀ ಪಾಕೀಟು ತಗೊಂಡೀನಿ, ಇಲ್ಲ ಅನ್ನಂಗಿಲ್ಲ. ಹೆಗಲಿಗೆ ಹತ್ತಿದ ಮುಲಾಮು ಮೊಳಕಾಲಿಗೆ ಹಚ್ಚಿದ್ರ ಏನ ಗುನ್ನೇ ಆತು?"

ಹೆಗಲಬ್ಯಾನಿ ಮುಲಾಮು ಮೊಳಕಾಲಿಗೆ ಹಚ್ಚೂದು ಯಾವ ಗುನ್ನೇನೂ ಅಲ್ಲ. ಮುದುಕಿ ತಪ್ಪು ಒಂದೂ ಇರಲಿಲ್ಲ. ಮಗ ಹೇಳಿದ್ದನ್ನ ನಂಬಿದ್ರು, ಅಷ್ಟ.

ಸಂಜಿಕ ಇವರು ಬಸ್ಸಿಳದು ಬಂದ್ರು. ನಾ ಡಬ್ಬಿ, ಕತ್ತರಿ, ಕತ್ತರಿಸಿದ ಪಾಕೀಟು ಎಲ್ಲಾ ಚಾಪಿ ಮ್ಯಾಲ ಹಂಗ ಬಿಟ್ಟಿದ್ದೆ. "ನಿಮ್ಮ ಅವ್ವಗ ನೀವ ಹೇಳ್ರಿ. ಇವತ್ತು ನಾ ಒಂದು ಮಾತೂ ಆಡಂಗಿಲ್ಲ" ಅಂದೆ. ಇವರ ಮಾರಿ ಬೆಳ್ಳಗಾತು. ಬೂಟು ಬಿಚ್ಚಿ ಚಾಪಿ ಅಂಚಿಗೆ ಕುಂತ್ರು.

"ಯವ್ವಾ, ನನಗ ಹೆಗಲಬ್ಯಾನಿ ಇಲ್ಲ" ಅಂದ್ರು. "ಗಂಡಸರ ಮೈಯಾಗ ಇರಬೇಕಾದ್ದು ನನ್ನ ಮೈಯಾಗ ಕಡಿಮಿ ಆಗೇತಿ. ಇದು ಅದರ ಔಷಧ. ನೀ ಹಚ್ಚಿಕೊಂಡಿ, ಕೂಸಿಗೂ ಹತ್ತೇತಿ. ಕೂಸಿನ ಜಡ್ಡಿಗೆ ಇದ ಕಾರಣ."

ಅತ್ತಿ ಕೈ ಮೆಲ್ಲಕ ಗದ್ದಕ್ಕ ಹೋತು. ಆ ನಾಕು ಕೂದಲಾ ಸವರಿಕೊಂಡ್ರು.

"ಅಂದ್ರ ಇಷ್ಟು ದಿನಾ ನಾ ಹಚ್ಚಿಕೊಂಡಿದ್ದು ಗಂಡಸ್ತನ ಏನೋ?"

"ಹೂಂ" ಅಂದ್ರು ಇವರು, ನೆಲಾ ನೋಡಿಕೋತ.

"ಹಚ್ಚಿಕೊಂಡ ನೋಡಿದೆನಲ್ಲೋ ತಮ್ಮಾ. ಗದ್ದಕ್ಕ ನಾಕು ಕೂದಲಾ, ಕಾಯಿಪಲ್ಲ್ಯಾಕಿ ಕೂಡ ಜಗಳಾ. ಇಷ್ಟ ಐತಿ ಅದರಾಗ. ಇಷ್ಟಕ್ಕ ನೀ ಹಡದ ತಾಯಿಗೆ ಸುಳ್ಳ ಹೇಳಿದಿ? ನಿನಗ ಜಡ್ಡು ಆಗೇತಿ ಅಂದಿದ್ರ ನಾ ಅದನ್ನ ಮುಟ್ಟತಿದ್ನೇನು? ನನ್ನ ಕೈಲೆ ನನ್ನ ಕೂಸಿಗೆ ಇಸಾ ಹಾಕಿಸಿದ್ಯಲ್ಲೋ!" ಅಂದವರ ಬೋರ್ಯಾಡಿ ಅಳಾಕ ಹತ್ತಿದ್ರು. ಆ ದಪ್ಪ ದನ್ಯಾಗ ಅಳೂದು ಕೇಳಿ ನಗು ಬರಬೇಕಿತ್ತು, ಬರಲಿಲ್ಲ.

ಅತ್ತಿ ತಪಾಸಣಿನೂ ಆತು. ಕೂದಲಾ ನಿಧಾನ ಉದುರಿದ್ವು. ದನಿ ಮಾತ್ರ ತಿರುಗಿ ಸಣ್ಣದಾಗಲಿಲ್ಲ, ಡಾಕ್ಟರೂ ಆಗಂಗಿಲ್ಲಂದ್ರು. ಆ ದನಿ ತಗೊಂಡು ಅತ್ತಿ ಖಾನಾಪುರಕ್ಕ ಹೋದ್ರು. ಸಂತ್ಯಾಗ, ಬಸ್‌ಸ್ಟ್ಯಾಂಡಿನ್ಯಾಗ, ಯಾರರೆ "ದನಿಗೇನಾತ್ರಿ?" ಅಂತ ಕೇಳಿದ್ರ ಪೂರಾ ಕಥಿ ಹೇಳತಿದ್ರು, ಕನ್ನಡದಾಗ ಕೇಳಿದವರಿಗೆ ಕನ್ನಡದಾಗ, ಮರಾಠಿಯೊಳಗ ಕೇಳಿದವರಿಗೆ ಮರಾಠಿಯೊಳಗ. "ಮನ್ಯಾಗ ಸಣ್ಣ ಹುಡುಗ್ರಿದ್ರ ಯಾವ ಮುಲಾಮು ಯಾತಕ್ಕಂತ ಕೇಳಿ ಮುಟ್ಟರಿ" ಅಂತ ಕಡೀಕ ಬುದ್ಧಿಮಾತು ಬ್ಯಾರೆ. ನಮ್ಮ ಮನಿಯವರು ಒಂದು ವಾರ ರಜಾ ಹಾಕಿ ಮನ್ಯಾಗ ಕುಂತ್ರು, ಊರು ನಗತೈತಿ ಅಂತ. ಊರಿಗೆ ನಗಾಕ ಪುರಸತ್ತಿರಲಿಲ್ಲ. ನಕ್ಕವರೂ ಇದ್ದಾರು, ಆದ್ರ ಕಚೇರಿಗೆ ತಿರುಗಿ ಹೋದ ಮ್ಯಾಲ ಒಬ್ಬೊಬ್ಬರ ಬಂದು, ಬಾಗಲಾ ಮುಚ್ಚಿ, "ಸಾಹೇಬ್ರ, ನನಗೂ ಸ್ವಲ್ಪ ಹೆಗಲಬ್ಯಾನಿ ಐತ್ರಿ, ಯಾವ ಡಾಕ್ಟರು?" ಅಂತ ಕೇಳಾಕ ಹತ್ತಿದ್ರಂತ. ಇವರು ಮೊದಲ ರಕ್ತ ತಪಾಸಣಿ ಮಾಡಿಸ್ರಿ, ಎರಡು ಸಲ ಮಾಡಿಸ್ರಿ ಅಂತ ಡಾಕ್ಟರಗತೇನ ಹೇಳತಿದ್ರಂತ.

ಮಗಳ ಮೊಡವಿ ಹೋದ್ವು, ಆ ವಾಸನಿ ಹೋತು. ರಕ್ತ ಸರಿ ಬಂತು. ಎಲುವಿನ ಓಟ ನಿಂತೇತಿ, ಆದ್ರ ಈಗಾಗಲೇ ಓಡಿದ್ದು ಹಿಂದ ಬರಂಗಿಲ್ಲ, ಬೆಳವಣಿಗಿ ಮ್ಯಾಲ ಕಣ್ಣಿಡೂಣು ಅಂದ್ರು ಡಾಕ್ಟರು. ಅಂಗಿ ಹಾಕ್ಕೊಂಡು ಅಪ್ಪ ಎತ್ತಿಕೊಳ್ಳಲಿ, ಏನೂ ಹೆದರಿಕಿ ಇಲ್ಲಂತನೂ ಅಂದ್ರು. ಆ ಮರುದಿನ ಮುಂಜಾನಿ ಇವರು ಪೂಜಾ ಮುಗಿಸಿ, ಜೆಲ್ ಹಚ್ಚಿ, ಕೈ ತೊಳದು, ಒಣಗೂತನಕ ಕಾದು, ಬನಿಯನ್ನು ಹಾಕ್ಕೊಂಡು, ಅದರ ಮ್ಯಾಲ ಅಂಗಿ ಹಾಕ್ಕೊಂಡು, ಕೊರಳಿನ ಗುಂಡಿತನಕ ಹಾಕ್ಕೊಂಡು ಪಡಸಾಲಿಗೆ ಬಂದ್ರು. ಮಗಳು ಹೊಸ್ತಿಲದಾಗ ನಿಂತಿದ್ಲು. ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡಿದ್ಲು.

"ಅಪ್ಪಾ, ಒಣಗೇತೇನು?"

"ಒಣಗೇತವ್ವಾ."

"ಕೈ ತೊಳದಿ?"

"ತೊಳದೆ. ಬಾ."

ಆಕಿ ಓಡಿ ಬರಲಿಲ್ಲ. ಮೊದಲ ನನ್ನ ಮಾರಿ ನೋ‌ಡಿದ್ಲು, ಹೋಗಲೇನು ಅಂತ. ನಾಕು ವರ್ಷದ ಕೂಸು ಅಪ್ಪನ ಮುಟ್ಟಾಕ ನನ್ನ ಪರವಾನಗಿ ಕೇಳಾಕತ್ತಿತ್ತು. ಇಷ್ಟು ಹೊತ್ತು ನಗಿಚಾಟಿ ಮಾಡಿಕೋತ ಹೇಳಿದೆ, ಇದನ್ನ ಹಂಗ ಹೇಳಾಕ ನನಗ ಬರಂಗಿಲ್ಲ. ನಾ ಹೂಂ ಅಂತ ಗೋಣು ಹಾಕಿದೆ. ಆವಾಗ ಹೋದ್ಲು.

ಹೋದಾಕಿ ಇಳೀಲಿಲ್ಲ. ಅಂದು ರವಿವಾರ. ಉಣ್ಣೂವಾಗ ಹೆಗಲ ಮ್ಯಾಲ, ಅಂಗಡಿಗೆ ಹೋಗೂವಾಗ ಹೆಗಲ ಮ್ಯಾಲ, ನಿದ್ದಿ ಬಂದ್ರೂ ಹೆಗಲ ಮ್ಯಾಲ. ವಯಸ್ಸಿಗೆ ಮೀರಿ ಬೆಳದಿದ್ಲು, ಭಾಳ ಭಾರ ಆಗಿದ್ಲು. ಕೆಳಗ ಇಳಸ್ರಿ ಅಂದ್ರ ಇವರು ಕೇಳಲಿಲ್ಲ. ಮರುದಿನ ಎರಡೂ ಹೆಗಲು ಎತ್ತಾಕ ಬರಲಾರದಂಗ ಹಿಡಕೊಂಡಿದ್ವು. ಹಂಗ ಕಚೇರಿಗೆ ಹೋಗಿ, ಹೆಗಲು ನೋಯಾಕತ್ತೈತಿ ಅಂದ್ರಂತ. ಒಬ್ಬರೂ ನಂಬಲಿಲ್ಲ.